ನಾಲ್ಕು ವರ್ಷದ ಮಗನಿಗೆ ದಿನಾ ಎರಡು ಪುಟ ಬರೆಯೋ ಹೋಂವರ್ಕ್: ಎಲ್‌ಕೆಜಿ ಪಾಲಕರು ಸ್ವಲ್ಪ ಹೇಳಿ

ಕಲ್ಯಾಣನಗರದ ಅಮ್ಮ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 4 ವರ್ಷ 2 ತಿಂಗಳು. ಈ ಜೂನ್‌ನಲ್ಲಿ ಎಲ್‌ಕೆಜಿಗೆ ಹಾಕಿದ್ದೇವೆ. ಶಾಲೆ ಶುರುವಾಗಿ ಮೂರು ವಾರ ಆಗಿಲ್ಲ, ಆಗಲೇ ದಿನಾ ನಾಲ್ಕು ಗೆರೆ ಕಾಪಿಯಲ್ಲಿ ಎರಡು ಪುಟ ಬರೆಸಿ ಕಳಿಸಬೇಕು. ಅವನು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ, ಹಾರೆ ಹಿಡಿದ ಹಾಗೆ. ಅರ್ಧ ಪುಟ ಆಗೋಷ್ಟರಲ್ಲಿ "ಅಮ್ಮಾ, ಕೈ ಸೋತಾವ" ಅಂತ ಕಾಪಿ ಮೇಲೆಯೇ ತಲೆ ಇಟ್ಟು ಮಲಗಿಬಿಡುತ್ತಾನೆ. ನಿನ್ನೆ ಡೈರಿಯಲ್ಲಿ ಕೆಂಪು ಅಕ್ಷರದಲ್ಲಿ ಬಂದಿದೆ: ರೈಟಿಂಗ್ ಸ್ಲೋ, ಮನೆಯಲ್ಲಿ ಪ್ರ್ಯಾಕ್ಟೀಸ್ ಮಾಡಿಸಿ.

ಇಷ್ಟೇ ಆಗಿದ್ದರೆ ಕೇಳ್ತಿರಲಿಲ್ಲ. ಭಾನುವಾರ ರಾತ್ರಿ ಬಂತು ಅಂದ್ರೆ ಹೊಟ್ಟೆ ನೋವು ಅಂತಾನೆ. ಒಂದು ವರ್ಷದಿಂದ ಹಾಸಿಗೆ ಒದ್ದೆ ಮಾಡ್ತಿರಲಿಲ್ಲ, ಈಗ ವಾರಕ್ಕೆ ಮೂರು ಸಲ ಆಗ್ತಿದೆ. ಡಬ್ಬಿ ಹೋದ ಹಾಗೇ ವಾಪಸ್ ಬರುತ್ತದೆ. ಕರೆದರೆ ಒಂದೊಂದು ಸಲ ತಿರುಗಿಯೂ ನೋಡಲ್ಲ. ಇವರು ಟ್ಯೂಷನ್ನಿಗೆ ಹಾಕೋಣ ಅಂತಾರೆ. ಅತ್ತೆ "ಇರ್ಲಿ ಬಿಡವ್ವಾ, ಸಣ್ಣ ಕೂಸು" ಅಂತಾರೆ, ಆದರೆ ಊಟ ಮಾಡಿಸೋವಾಗ ಕೈಗೆ ಮೊಬೈಲ್ ಕೊಡೋದೂ ಅವರೇ. ನನಗೆ ಯಾವುದು ಸರಿ ಅಂತ ತಿಳೀತಿಲ್ಲ.

ವಿದ್ಯಾನಗರದ ಅಪ್ಪ (ಹುಬ್ಬಳ್ಳಿ)

ಮೇಡಂ, ಈಗಿನ ಕಾಂಪಿಟಿಷನ್‌ನಲ್ಲಿ ಇದು ಎಲ್ಲಾ ಕಡೆ ಇರೋದೇ. ನನ್ನ ಮಗಳು ಮೂರೂವರೆಗೆ ಎ ಇಂದ ಝಡ್ ತನಕ ಬರೆಯುತ್ತಿದ್ದಳು. ಮೊದಮೊದಲು ಅಳ್ತಾರೆ, ಆಮೇಲೆ ರೂಢಿ ಆಗುತ್ತದೆ. ಈಗ ಬಿಟ್ಟರೆ ಒಂದನೇ ಕ್ಲಾಸ್‌ನಲ್ಲಿ ಹಿಂದೆ ಬೀಳ್ತಾನೆ. ಟ್ಯೂಷನ್ ಐಡಿಯಾ ಕೆಟ್ಟದ್ದೇನಲ್ಲ.

ರೊಟ್ಟಿ ಶೇಂಗಾ

ಮೂರೂವರೆಗೆ ಬರೆದು ಏನು ಗಳಿಸಿದಳು ಅಂತ ಕೇಳಬಹುದಾ ಸರ್? ಸಿಟ್ಟಾಗಬೇಡಿ ಮತ್ತೆ 😀

ಥೆರಪಿ ಟೀಚರ್ (ಹುಬ್ಬಳ್ಳಿ)

ಅಕ್ಕಾರೆ, ನಾನು ಸಣ್ಣ ಮಕ್ಕಳ ಜೊತೆ ಆಕ್ಯುಪೇಷನಲ್ ಥೆರಪಿ (ಬರೆಯೋದು, ಉಣ್ಣೋದು ಇಂಥ ದಿನದ ಕೆಲಸ ಮಾಡೋಕೆ ಕೈ-ಮೈ ಪಳಗಿಸೋ ಚಿಕಿತ್ಸೆ) ಕೆಲಸ ಮಾಡ್ತೀನಿ. ನಿಮ್ಮ ಮಗ ಹೇಳ್ತಿರೋದು ನೆಪ ಅಲ್ಲ. ಅವನ ಕೈ ನಿಜವಾಗಿಯೂ ಸೋಲುತ್ತದೆ.

ನಮ್ಮ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ನಾಲ್ಕು ವರ್ಷದ ಮಗುವಿನ ಕೈ ಎಕ್ಸ್‌ರೇ ತೆಗೆದರೆ ಅದರಲ್ಲಿ ಅರ್ಧದಷ್ಟು ಕಾಣಿಸೋದೇ ಇಲ್ಲ, ಇನ್ನೂ ಮೆತ್ತಗಿನ ಕುರುಕಲು ಎಲುಬು ಇರುತ್ತದೆ. ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ಇನ್ನೊಂದು ಮಾತು. ಬೆರಳಿನ ಕೆಲಸ ಬೆರಳಿನಿಂದ ಶುರುವಾಗಲ್ಲ. ಮೊದಲು ಬೆನ್ನು ಮತ್ತು ಭುಜಕ್ಕೆ ಬಲ ಬರಬೇಕು, ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು, ಕಡೆಗೆ ಬೆರಳು. ಜೋತಾಡದೆ, ಹತ್ತದೆ, ಅಂಬೆಗಾಲಿಡದೆ, ಮಣ್ಣು ತೋಡದೆ ಇರೋ ಮಗುವಿಗೆ ಪೆನ್ಸಿಲ್ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯದೆ ಇನ್ನೇನು ಮಾಡುತ್ತದೆ?

ಗೆರೆಗೂ ಒಂದು ಕ್ರಮ ಇದೆ. ಹೆಚ್ಚುಕಡಿಮೆ ಮೂರಕ್ಕೆ ಮಕ್ಕಳು ನೋಡಿಕೊಂಡು ಸೊನ್ನೆ ತೆಗೀತಾರೆ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ನಾಲ್ಕೂವರೆ ಹೊತ್ತಿಗೆ ಚೌಕ. ತ್ರಿಕೋನ ಬರೋದು ಐದರ ಆಸುಪಾಸು. ಓರೆ ಗೆರೆ ಅವರಿಗೆ ಎಲ್ಲಕ್ಕಿಂತ ಕಷ್ಟ. ಕೆ, ಎಂ, ಎಕ್ಸ್ ಎಲ್ಲಾ ಓರೆ ಗೆರೆಯವೇ ಅಲ್ವಾ?

ಬೇಕಿರೋದು ಟ್ಯೂಷನ್ ಅಲ್ಲ. ರೊಟ್ಟಿ ಹಿಟ್ಟು ನಾದೋವಾಗ ಒಂದು ಮುದ್ದೆ ಅವನ ಕೈಗೂ ಕೊಡಿ. ಶೇಂಗಾ ಸುಲಿಯಲಿ (ಇಡೀ ಕಾಳು ಬಾಯಿಗೆ ಹಾಕದಂತೆ ಪಕ್ಕದಲ್ಲೇ ಕೂರಿ, ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ). ಒಣಗಿದ ಬಟ್ಟೆಯ ಕ್ಲಿಪ್ ತೆಗೆಯೋ ಕೆಲಸ ಅವನದೇ ಆಗಲಿ. ಹಳೇ ಬ್ರಷ್ ನೀರಲ್ಲಿ ಅದ್ದಿ ಕಾಂಪೌಂಡ್ ಗೋಡೆ ಮೇಲೆ ದೊಡ್ಡದಾಗಿ ಗೀಚಲಿ, ಭುಜಕ್ಕೆ ಅದಕ್ಕಿಂತ ಒಳ್ಳೇ ವ್ಯಾಯಾಮ ಇಲ್ಲ. ಮತ್ತೆ ಉದ್ದ ಪೆನ್ಸಿಲ್ ಎತ್ತಿಡಿ. ಸೀಮೆಸುಣ್ಣವನ್ನು ಹೆಬ್ಬೆರಳಿನ ಉಗುರಿನಷ್ಟು ಗಿಡ್ಡ ಮುರಿದು ಕೊಡಿ. ಅಷ್ಟು ಗಿಡ್ಡದ್ದನ್ನು ಮುಷ್ಟಿಯಲ್ಲಿ ಹಿಡಿಯೋಕೆ ಆಗಲ್ಲ. ನೀವು ಹೇಳದೇನೇ ಮೂರು ಬೆರಳು ಬಂದು ಕೂರುತ್ತವೆ.

ಅಂಗನವಾಡಿ ಅಕ್ಕ (ಹಾನಗಲ್ ತಾಲೂಕು)

ಇದನ್ನು ಓದಿ ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ. ನಮ್ಮಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಹಾಡು, ಕಥೆ, ಮಣಿ ಪೋಣಿಸೋದು, ಕಲ್ಲು ಎಣಿಸೋದು, ಎಲೆ ಆರಿಸೋದು, ಹಗ್ಗದ ಮೇಲೆ ನಡೆಯೋದು. ಚಿಲಿಪಿಲಿ ಅಂತ ನಮ್ಮ ಚಟುವಟಿಕೆಗಳೇ ಇವೆ. ಅದನ್ನು ಮಾಡಿಸಿದರೆ ಊರವರು "ಅಂಗನವಾಡಿಯಾಗ ಏನೂ ಕಲಸಂಗಿಲ್ಲ, ಬರೇ ಆಡಸ್ತಾರ" ಅಂತಾರೆ. ನಾಲ್ಕು ತುಂಬಿದ ಕೂಡಲೇ ಮಗುವನ್ನು ವ್ಯಾನಿಗೆ ಹತ್ತಿಸಿ ಹದಿನೈದು ಕಿಲೋಮೀಟರ್ ದೂರದ ಕಾನ್ವೆಂಟಿಗೆ ಕಳಿಸ್ತಾರೆ. ಹೋದ ವರ್ಷ ಹೀಗೇ ಹೋದ ಮಗುವಿನ ತಾಯಿ ಮೊನ್ನೆ ಬಂದು "ಅಕ್ಕೋರೆ, ಹಾಡು ಹೇಳೋದ ಬಿಟ್ಟಾಳ್ರಿ" ಅಂದರು.

ಇರಲಿ, ನಿಮ್ಮ ವಿಷಯಕ್ಕೆ ಬರ್ತೀನಿ. ಮಗನ ತೂಕ ಎಷ್ಟು? ಕಡೇ ಸಲ ತೂಗಿಸಿದ್ದು ಯಾವಾಗ? ನಾವು ಪ್ರತಿ ತಿಂಗಳು ತೂಕ ಮಾಡಿ ಬರೆದಿಡ್ತೀವಿ. ಖಾಸಗಿ ಎಲ್‌ಕೆಜಿಗೆ ಹೋದ ಮಕ್ಕಳ ತೂಕ ಎಷ್ಟೋ ಸಲ ಯಾರೂ ನೋಡಲ್ಲ. ನಾಲ್ಕು ವರ್ಷಕ್ಕೆ 16 ಕೆಜಿ ಆಚೆ ಈಚೆ ಸಾಮಾನ್ಯ. ಇಲ್ಲಿಂದ ವರ್ಷಕ್ಕೆ ಸುಮಾರು 2 ಕೆಜಿ ತೂಕ, 6-7 ಸೆಂಟಿಮೀಟರ್ ಎತ್ತರ ಏರುತ್ತಾ ಹೋಗಬೇಕು. ಒಂದು ತಿಂಗಳ ಅಂಕಿ ನೋಡಿ ಹೆದರಬೇಡಿ, ಗೆರೆ ಏರ್ತಾ ಇದೆಯಾ ಅಂತ ನೋಡಿ. ವಿಟಮಿನ್ ಎ ಹನಿ ಐದು ವರ್ಷದ ತನಕ ಆರು ತಿಂಗಳಿಗೊಮ್ಮೆ ಇದೆ, ಜಂತುಹುಳದ ಮಾತ್ರೆಯೂ ಇದೆ. ಖಾಸಗಿ ಶಾಲೆ ಅಂತ ಇವನ್ನು ಬಿಡಬೇಡಿ.

ಶಿಗ್ಗಾಂವಿ ಸೊಸೆ

ಎಲ್ಲರೂ ಬರವಣಿಗೆ ಹಿಂದೆ ಹೋದರು. ನಾನು ಬೇರೆ ಕೇಳ್ತೀನಿ. ಮಗ ಶಾಲೆಯಲ್ಲಿ ಒಂದಕ್ಕೆ ಹೋಗ್ತಾನಾ? ಬೆಳಿಗ್ಗೆ ಮನೆಯಲ್ಲಿ ಎರಡಕ್ಕೆ ಹೋಗೋಕೆ ಟೈಮ್ ಸಿಗ್ತದಾ, ಇಲ್ಲಾ ವ್ಯಾನ್ ಬಂತು ಅಂತ ಓಡಿಸ್ತೀರಾ?

ನನ್ನ ಮಗಳಿಗೆ ಇದೇ ಆಗಿತ್ತು. ಬೆಳಿಗ್ಗೆಯಿಂದ ತಡೆದುಕೊಂಡು ಕೂರುತ್ತಿದ್ದಳು. ನೀರು ಕುಡಿದರೆ ಒಂದಕ್ಕೆ ಬರುತ್ತದೆ ಅಂತ ಬಾಟಲಿನೂ ಮುಟ್ಟುತ್ತಿರಲಿಲ್ಲ. ಅದರಿಂದ ಮಲಬದ್ಧತೆ, ಅದರಿಂದ ಹೊಟ್ಟೆ ನೋವು, ರಾತ್ರಿ ಹಾಸಿಗೆ ಒದ್ದೆ. ಹೊಟ್ಟೆ ಗಟ್ಟಿಯಾದರೆ ಮೂತ್ರದ ಚೀಲ ಒತ್ತಿದ ಹಾಗಾಗುತ್ತದೆ ಅಂತ ನಮ್ಮ ಡಾಕ್ಟರ್ ಹೇಳಿದರು. ನಾವು ಆರು ತಿಂಗಳು ಅದನ್ನು ಹಟ ಅಂದುಕೊಂಡು ಬೈದಿದ್ದೆವು. ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ನಿಂತ ಮೇಲೆ ಮತ್ತೆ ಶುರುವಾಗಿದೆ ಅಂದ್ರೆ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು ಇದೆಯಾ ನೋಡ್ತಾರೆ. ನೀರಡಿಕೆ ಜಾಸ್ತಿ ಇದ್ದು ತೂಕ ಇಳಿಯುತ್ತಿದ್ದರಂತೂ ತಡ ಮಾಡಬೇಡಿ, ಸಕ್ಕರೆನೂ ನೋಡಬೇಕಾಗುತ್ತದೆ.

ರೊಟ್ಟಿ ಶೇಂಗಾ

ಡಬ್ಬಿ ಬಗ್ಗೆ ನನ್ನದೊಂದು. ಡಬ್ಬಿ ಯಾವುದು? ನಾಲ್ಕು ಕಡೆ ಲಾಕ್ ಇರೋದಾ? ಇವತ್ತು ಖಾಲಿ ಡಬ್ಬಿ ಮುಚ್ಚಿ ಅವನ ಕೈಗೆ ಕೊಟ್ಟು ತೆಗಿ ಅನ್ನಿ. ನೀವು ಸಹಾಯ ಮಾಡಬೇಡಿ, ಸುಮ್ನೆ ನೋಡಿ.

ಕಲ್ಯಾಣನಗರದ ಅಮ್ಮ

ಈಗಷ್ಟೇ ಮಾಡಿದೆ. ತೆಗೆಯೋಕೆ ಬರಲಿಲ್ಲ. ಒಂದು ಲಾಕ್ ಎತ್ತಿದ, ಎರಡನೇದಕ್ಕೆ ಹಲ್ಲು ಹಾಕಿದ, ಆಮೇಲೆ ಡಬ್ಬಿ ಕೆಳಗಿಟ್ಟು "ನನಗ ಹಸಿವಿಲ್ಲ" ಅಂದ. ಮೂರು ವಾರ ನಾನು ದೋಸೆ ಬಿಟ್ಟು ಚಪಾತಿ, ಚಪಾತಿ ಬಿಟ್ಟು ಶಿರಾ ಅಂತ ಬದಲಾಯಿಸ್ತಾ ಇದ್ದೆ. ಮೂಲೆಗೆ ಹೋಗಿ ಅತ್ತುಬಿಟ್ಟೆ ನೋಡಿ.

ಟಾಯ್ಲೆಟ್ ಕೇಳಿದೆ. "ಅಲ್ಲಿ ಕತ್ತಲ ಇರ್ತದ" ಅಂದ. ಅಷ್ಟೇ ಹೇಳಿದ್ದು.

ಗದಗಿನ ನಿವೃತ್ತ ಮಾಸ್ತರ

ತಂಗೀ, ಅಳಬೇಡ. ಮೂವತ್ತು ವರ್ಷ ಸಣ್ಣ ಮಕ್ಕಳಿಗೆ ಪಾಠ ಮಾಡಿದವನು ನಾನು. ಕತ್ತಲೆ ಒಂದು ಕಾರಣ ಇರಬಹುದು. ಇನ್ನೊಂದು ಕೇಳಿ ನೋಡು: ಟಾಯ್ಲೆಟ್ಟಿಗೆ ಹೋಗಬೇಕು ಅಂತ ಅಲ್ಲಿ ಹೇಗೆ ಕೇಳಬೇಕು? ಇಂಗ್ಲಿಷಿನಲ್ಲಾ? ಮನೆಯಲ್ಲಿ "ಅವ್ವಾ, ಉಚ್ಚಿ ಬಂತು" ಅನ್ನೋ ಮಗುವಿಗೆ "ಮೇ ಐ ಗೋ" ಬಾಯಿಪಾಠ ಬಂದ ಮೇಲೇ ಹೋಗು ಅಂದರೆ, ಅದು ಬರೋ ತನಕ ಏನು ಮಾಡಬೇಕು? ತಡೆದುಕೊಂಡು ಕೂರುತ್ತದೆ. ಹೊಸ ಭಾಷೆ ಸುತ್ತ ಇದ್ದಾಗ ಮಕ್ಕಳು ಕೆಲವು ತಿಂಗಳು ಮಾತೇ ಆಡದೆ ಬರೀ ಕೇಳಿಸಿಕೊಳ್ಳೋದೂ ಉಂಟು. ಅದು ದಡ್ಡತನ ಅಲ್ಲ. ಮನೆಯಲ್ಲಿ ನಮ್ಮ ಭಾಷೆಯಲ್ಲೇ ಹೊಟ್ಟೆ ತುಂಬಾ ಮಾತಾಡಿಸಿ. ಅದು ಗಟ್ಟಿ ಇದ್ದರೆ ಇಂಗ್ಲಿಷು ತಾನಾಗಿ ಬಂದು ಕೂರುತ್ತದೆ.

ವಿದ್ಯಾನಗರದ ಸರ್ ಅವರು ಹಿಂದೆ ಬೀಳ್ತಾನೆ ಅಂದರು. ಯಾವುದರಿಂದ ಹಿಂದೆ? ಒಂದನೇ ತರಗತಿಗೆ ಸೇರೋದು ಸುಮಾರು ಆರು ವರ್ಷಕ್ಕೆ. ಈ ಹುಡುಗನಿಗೆ ಇನ್ನೂ ಹತ್ತಿರ ಹತ್ತಿರ ಎರಡು ವರ್ಷ ಇದೆ. 2020ರ ಶಿಕ್ಷಣ ನೀತಿ 3ರಿಂದ 8 ವರ್ಷದ ತನಕ ಒಂದೇ ಹಂತ ಅಂತ ಮಾಡಿದೆ, 2022ರಲ್ಲಿ ಅದಕ್ಕೆ ಪಠ್ಯಕ್ರಮದ ಚೌಕಟ್ಟೂ ಬಂತು. ಎರಡರಲ್ಲೂ ಆಟ, ಕಥೆ, ಮಾತೇ ಮುಖ್ಯ. ಕಿಂಡರ್‌ಗಾರ್ಟನ್ ಅನ್ನೋ ಹೆಸರು ಇಟ್ಟವನು ಜರ್ಮನಿಯ ಫ್ರೋಬೆಲ್, 1840ರಲ್ಲಿ. ಅರ್ಥ ಮಕ್ಕಳ ತೋಟ. ನಾವು ತೋಟದ ಹೆಸರಿನಲ್ಲಿ ತಹಶೀಲ್ದಾರ್ ಕಚೇರಿ ನಡೆಸ್ತಿದ್ದೇವೆ, ಎಲ್ಲರಿಗೂ ಒಂದೊಂದು ಫೈಲು.

ವಿದ್ಯಾನಗರದ ಅಪ್ಪ

ಎಲ್ಲರೂ ಆಟ ಆಟ ಅಂತೀರಿ. ಎಲ್ಲಿ ಆಡಿಸೋದು ಅಂತಲೂ ಹೇಳಿ. ನಮ್ಮದು ಎರಡನೇ ಮಹಡಿ. ಕೆಳಗೆ ಪಾರ್ಕಿಂಗ್, ಹೊರಗೆ ರಸ್ತೆ, ಆಟೋ, ನಾಯಿ. ನಾನು ಮನೆಗೆ ಬರೋದು ರಾತ್ರಿ ಒಂಬತ್ತಕ್ಕೆ. ಮಗುವಿಗೆ ಪುಸ್ತಕ ಕೊಟ್ಟು ಕೂರಿಸದೆ ಇನ್ನೇನು ಮಾಡಬೇಕು?

ಥೆರಪಿ ಟೀಚರ್

ನಿಮ್ಮ ಪ್ರಶ್ನೆ ನ್ಯಾಯವಾಗಿದೆ ಸರ್. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಹೀಗೆ: ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷ ಮೈ ಅಲ್ಲಾಡಿಸಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರೋ ಹಾಗೆ. ಪರದೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೇದು. ನಿದ್ದೆ ಹಗಲಿನದೂ ಸೇರಿ 10ರಿಂದ 13 ಗಂಟೆ. ಮೂರು ಗಂಟೆ ಅಂದ ತಕ್ಷಣ ಗಾಬರಿ ಬೇಡ, ಒಂದೇ ಉಸಿರಿಗೆ ಅಲ್ಲ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದರೂ ಲೆಕ್ಕ. ಟೆರೇಸಿನಲ್ಲಿ ಕುಂಟಾಬಿಲ್ಲೆ ಗೆರೆ ಹಾಕಿ. ದಿಂಬು ಸಾಲಾಗಿ ಇಟ್ಟು ಹಾರಿಸಿ. ಭಾನುವಾರ ಉಣಕಲ್ ಕೆರೆಗೋ, ಧಾರವಾಡದವರು ಸಾಧನಕೇರಿಗೋ ಕರೆದುಕೊಂಡು ಹೋಗಿ, ಆದರೆ ನೀವು ಬೆಂಚಿನ ಮೇಲೆ ಫೋನ್ ನೋಡ್ತಾ ಕೂರಬೇಡಿ. (ಇದು ನನಗೂ ಸೇರಿಸಿ ಹೇಳಿದ್ದು.)

ಶಿಗ್ಗಾಂವಿ ಸೊಸೆ

ನಿದ್ದೆ ಲೆಕ್ಕ ಹಾಕಿದೆ. ನಮ್ಮ ಮನೆಯಲ್ಲಿ ಎಂಟೂವರೆ ಗಂಟೆ ಬಂತು. ಧಾರಾವಾಹಿ ಮುಗಿಯದೆ ಯಾರೂ ಮಲಗಲ್ಲ.

ಕಲ್ಯಾಣನಗರದ ಅಮ್ಮ

ನಮ್ಮಲ್ಲೂ ಅದೇ. ಇವರು ಬರೋದು ಹತ್ತಕ್ಕೆ. ಅಪ್ಪನನ್ನು ನೋಡದೆ ಮಲಗೋದೇ ಇಲ್ಲ. ಅದನ್ನು ತಪ್ಪಿಸೋಕೆ ನನಗೆ ಮನಸ್ಸಿಲ್ಲ, ಅವರಿಗೂ ಇಲ್ಲ.

ವಿದ್ಯಾನಗರದ ಅಪ್ಪ

ಇದಕ್ಕೆ ನಾನು ಹೇಳಬಲ್ಲೆ. ರಾತ್ರಿ ಬಿಟ್ಟು ಬೆಳಿಗ್ಗೆ ಹಿಡಿಯಿರಿ. ನಾನು ಆರೂವರೆಗೆ ಎದ್ದು ಮಗಳ ಜೊತೆ ಹಾಲು ತರೋಕೆ ನಡೆದು ಹೋಗ್ತೀನಿ. ಇಪ್ಪತ್ತು ನಿಮಿಷ, ಆದರೆ ಪೂರ್ತಿ ಅವಳದೇ. ಚಿಗರಿ ಬಸ್ ಎಷ್ಟು ಹೋದವು ಅಂತ ಎಣಿಸ್ತಾಳೆ. ಒಂದು ವಾರ ಅತ್ತಳು, ಆಮೇಲೆ ರಾತ್ರಿ ಬೇಗ ಮಲಗೋಕೆ ಒಪ್ಪಿದಳು.

ಮೇಲೆ ರೊಟ್ಟಿ ಶೇಂಗಾ ಅವರು ಏನು ಗಳಿಸಿದಳು ಅಂದರಲ್ಲ. ಎರಡು ದಿನ ಅದೇ ತಲೆಯಲ್ಲಿತ್ತು. ಮಗಳು ಈಗ ಎರಡನೇ ಕ್ಲಾಸ್. ಅಕ್ಷರ ಮುತ್ತಿನ ಹಾಗಿದೆ. ಆದರೆ ಒಂದು ತಪ್ಪು ಬಂದರೆ ಇಡೀ ಹಾಳೆ ಹರಿದು ಹಾಕ್ತಾಳೆ. ಇದನ್ನು ನಾನು ಮನೆಯ ಹೊರಗೆ ಯಾರಿಗೂ ಹೇಳಿಲ್ಲ.

ಗದಗಿನ ನಿವೃತ್ತ ಮಾಸ್ತರ

ಹೇಳಿದಿರಲ್ಲ, ಒಳ್ಳೇದಾಯ್ತು. ನಾಳೆ ಅವಳ ಮುಂದೆ ನೀವೇ ಏನಾದರೂ ಬರೆಯಿರಿ, ತಪ್ಪು ಮಾಡಿ, ಕಾಟು ಹಾಕಿ ಮುಂದೆ ಬರೆಯಿರಿ. ಅವಳಿಗೆ ಕಾಣಬೇಕು. ಬುದ್ಧಿ ಹೇಳಬೇಡಿ.

ಕುಂದಗೋಳದವಳು

ತಡವಾಗಿ ಓದಿದೆ. ಕರೆದರೆ ತಿರುಗಲ್ಲ ಅಂದಿದ್ದನ್ನು ಯಾರೂ ಹಿಡಿದಿಲ್ಲ. ನನ್ನ ಮಗಳಿಗೆ ಯುಕೆಜಿಯಲ್ಲಿ ಗಮನ ಇಲ್ಲ, ಮೊಂಡಿ ಅಂತ ಹೆಸರು ಬಂದಿತ್ತು. ಕಡೆಗೆ ನೋಡಿದರೆ ಪದೇ ಪದೇ ನೆಗಡಿ ಆಗಿ ಕಿವಿಯ ಪರದೆ ಹಿಂದೆ ನೀರು ನಿಂತಿತ್ತು. ನೋವು ಇರಲಿಲ್ಲ, ಸೋರುತ್ತಿರಲಿಲ್ಲ, ಹಾಗಾಗಿ ನಮಗೆ ಗೊತ್ತೇ ಆಗಲಿಲ್ಲ. ನೀರಲ್ಲಿ ಮುಳುಗಿದಾಗ ಕೇಳಿಸುತ್ತದಲ್ಲ, ಮಗುವಿಗೆ ಎಲ್ಲಾ ಹಾಗೆ ಕೇಳಿಸುತ್ತಿತ್ತಂತೆ. ಟಿವಿ ಸೌಂಡ್ ಜಾಸ್ತಿ ಮಾಡ್ತಾನಾ? ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ಕಣ್ಣೂ ಹಾಗೇ. ಒಂದು ಕಣ್ಣು ಮಂದ ಇದ್ದರೆ ಮಗು ಇನ್ನೊಂದರಲ್ಲೇ ನಡೆಸಿಕೊಂಡು ಹೋಗುತ್ತದೆ. ಸಣ್ಣವರಿರೋವಾಗ ಸಿಕ್ಕರೆ ಸರಿ ಮಾಡೋದು ಸುಲಭ.

ಅಂಗನವಾಡಿ ಅಕ್ಕ

ಹೌದು. 2013ರಿಂದ ಆರ್‌ಬಿಎಸ್‌ಕೆ ಅಂತ ಸರ್ಕಾರದ ತಂಡ ಇದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ತಲೆಯಿಂದ ಪಾದದ ತನಕ ನೋಡಬೇಕು. ಮಾತು ತಡ, ಕಿವಿ, ಕಣ್ಣು, ರಕ್ತ ಕಡಿಮೆ ಏನೇ ಇದ್ದರೂ ಜಿಲ್ಲಾ ಆಸ್ಪತ್ರೆಗೆ ಚೀಟಿ ಕೊಡ್ತಾರೆ. ನೀವು ನೇರವಾಗಿ ಜಿಲ್ಲಾ ಆಸ್ಪತ್ರೆಗೂ ಹೋಗಬಹುದು. ಒಂದು ಮಾತು: ಊಟದ ಜೊತೆ ಚಾ ಕೊಡಬೇಡಿ. ನಮ್ಮ ಕಡೆ ಮೂರು ವರ್ಷದ ಮಕ್ಕಳಿಗೂ ಚಾ-ಟೋಸ್ಟ್ ರೂಢಿ. ಕಾಳು, ಸೊಪ್ಪಿನಲ್ಲಿರೋ ಕಬ್ಬಿಣ ಮೈಗೆ ಹತ್ತೋದನ್ನು ಚಾ ತಡೆಯುತ್ತದೆ. ಹೆಸರುಕಾಳಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಅದರಿಂದ ಹೆಚ್ಚು ಹತ್ತುತ್ತದೆ.

ಕಲ್ಯಾಣನಗರದ ಅಮ್ಮ

(ಎರಡು ವಾರದ ಮೇಲೆ ಬರೀತಿದೀನಿ.)

ಕಿವಿ ತೋರಿಸಿದೆವು. ಕೇಳಿಸೋದು ಚೆನ್ನಾಗಿದೆ, ಆದರೆ ಎರಡೂ ಕಿವಿಯಲ್ಲಿ ಗುಗ್ಗೆ ಕಟ್ಟಿತ್ತು, ಹನಿ ಹಾಕಿ ತೆಗೆದರು. ಹೊಟ್ಟೆ ಮಾತ್ರ ಶಿಗ್ಗಾಂವಿ ಅಕ್ಕ ಹೇಳಿದ್ದೇ, ಮಲಬದ್ಧತೆ. ಈಗ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಎಬ್ಬಿಸ್ತೀನಿ. ತಿಂಡಿ ಆದ ಮೇಲೆ ಹತ್ತು ನಿಮಿಷ ಕೂರಿಸ್ತೀನಿ, ಕಾಲು ನೇತಾಡದ ಹಾಗೆ ಕೆಳಗೆ ಒಂದು ಸ್ಟೂಲ್ ಇಟ್ಟಿದ್ದೀನಿ. ವ್ಯಾನ್ ಬಿಟ್ಟೆವು, ಅವರಪ್ಪ ಸ್ಕೂಟರಿನಲ್ಲಿ ಬಿಡ್ತಾರೆ. ಸ್ಟೀಲ್ ಡಬ್ಬಿ ತಂದೆ, ಮುಚ್ಚಳ ಎತ್ತಿದರೆ ಬರುತ್ತದೆ.

ಶಾಲೆಗೂ ಹೋಗಿದ್ದೆ. ಜಗಳ ಆಗುತ್ತೇನೋ ಅಂದುಕೊಂಡಿದ್ದೆ. ಟೀಚರ್ ಸಣ್ಣ ಹುಡುಗಿ. ಬಾಗಿಲು ಮುಂದೆ ಮಾಡಿ ಹೇಳಿದಳು: "ನನಗೂ ಗೊತ್ತು ಮೇಡಂ, ಆದರೆ ಕಾಪಿ ಖಾಲಿ ಇದ್ದರೆ ಪಾಲಕರೇ ಬಂದು ಫೀಸ್ ಯಾಕೆ ಕೊಡಬೇಕು ಅಂತ ಕೇಳ್ತಾರೆ." ನಾನು ಏನು ಹೇಳಲಿ? ಇವರೂ ಕೇಳ್ತಿದ್ದರು. ಕಡೆಗೆ ಎರಡು ಪುಟದ ಬದಲು ಎರಡು ಸಾಲು ಅಂತ ಆಯಿತು. ಟಾಯ್ಲೆಟ್ಟಿಗೆ ಬಲ್ಬ್ ಹಾಕಿಸ್ತೀವಿ ಅಂದರು, ಇನ್ನೂ ಹಾಕಿಲ್ಲ. ಆದರೆ ಆಯಾ ಜೊತೆಗೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಾರೆ. "ಅಕ್ಕಾ" ಅಂದರೆ ಸಾಕು, ಇಂಗ್ಲಿಷ್ ಬೇಡ ಅಂತ ಮಾತಾಯಿತು.

ಈಗ ಮುಖ್ಯ ವಿಷಯ. ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆ. ಮಾರ್ಕೆಟ್ಟಿನಿಂದ ಬಣ್ಣದ ಎತ್ತು ತರೋಣ ಅಂತಿದ್ದೆ. ಅತ್ತೆ ಕೇಳಲಿಲ್ಲ, ಎರೆಮಣ್ಣು ತರಿಸಿ ಅಂಗಳದಲ್ಲಿ ಕೂತು ನಾದಿದರು. ಮಗ ಪಕ್ಕದಲ್ಲಿ. ಎತ್ತಿನ ಮೈ ಅತ್ತೆ ಮಾಡಿದರು, ಕೊಂಬು ನೀ ಮಾಡು ಅಂದರು. ಚೂರು ಮಣ್ಣು ತಗೊಂಡು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಮಧ್ಯೆ ಇಟ್ಟು ಹೊಸೆಯೋಕೆ ಶುರು ಮಾಡಿದ. ತುದಿ ಚೂಪಾಗಬೇಕು, ಮುರಿಯಬಾರದು. ನಾಲಿಗೆ ಹೊರಗೆ ಚಾಚಿ, ಉಸಿರು ಹಿಡಿದು. ಮುರಿಯಿತು. ಮತ್ತೆ ಮಾಡಿದ. ಒಟ್ಟು ಹನ್ನೊಂದು ಕೊಂಬು ಮಾಡಿದ, ಇರೋದು ಎರಡೇ ಎತ್ತು. ಉಳಿದವನ್ನು ಎತ್ತಿನ ಮುಂದಿಡೋ ಮಣ್ಣಿನ ಗ್ವಾದಲಿ (ಮೇವಿನ ತೊಟ್ಟಿ) ತುಂಬಾ ಚುಚ್ಚಿದ. ಮುಕ್ಕಾಲು ಗಂಟೆ ಕೂತಿದ್ದ, ಒಂದು ಸಲವೂ ಕೈ ಸೋತಾವ ಅನ್ನಲಿಲ್ಲ. ಮೊಬೈಲ್ ಒಳಗೆ ಚಾರ್ಜಿಗಿತ್ತು, ಅತ್ತೆಗೂ ನೆನಪಾಗಲಿಲ್ಲ.

ಥೆರಪಿ ಟೀಚರ್

ಆ ಮೂರು ಬೆರಳು ಯಾವುವು ಅಂತ ಬರೆದಿದ್ದೀರಿ ನೋಡಿ. ಪೆನ್ಸಿಲ್ ಹಿಡಿಯೋದೂ ಅವೇ. ನಾನು ಇದನ್ನೇ ಕ್ಲೇ ಡಬ್ಬಿ ಕೊಂಡು ತಂದು ಮಾಡಿಸ್ತೀನಿ. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಮುಂದೆ ಗುಳ್ಳವ್ವನ ಹಬ್ಬ ಇದೆ, ಅದಕ್ಕೂ ಮಣ್ಣಿನ ಮೂರ್ತಿ ಮಾಡಬೇಕು, ಹಾಗಾಗಿ ಮಣ್ಣು ಎಸೆಯಬೇಡಿ, ಒದ್ದೆ ಬಟ್ಟೆ ಸುತ್ತಿಡಿ. ಪಂಚಮಿಗೆ ಜೋಕಾಲಿ ಕಟ್ಟಿಸಿ. ಹಗ್ಗ ಹಿಡಿದು ಜೀಕೋವಾಗ ಭುಜ, ಹಿಡಿತ, ಸಮತೋಲನ ಮೂರಕ್ಕೂ ಕೆಲಸ.

ರೊಟ್ಟಿ ಶೇಂಗಾ

ಮೊಬೈಲ್ ವಿಷಯದಲ್ಲಿ ಅತ್ತೆ ಜೊತೆ ಜಗಳ ಆಡಬೇಡಿ ಅಂತ ಹೇಳೋಣ ಅಂತಿದ್ದೆ, ಅವರೇ ಗೆದ್ದಾಯ್ತು. ಊಟದ ಹೊತ್ತಿಗೆ ಕಥೆ ಹೇಳೋ ಕೆಲಸ ಅವರಿಗೇ ಒಪ್ಪಿಸಿ. ಕಥೆ ನಡುವೆ ನಿಲ್ಲಿಸಿ "ಮುಂದೇನಾತು ಹೇಳು" ಅನ್ನಲಿ.

ಕಲ್ಯಾಣನಗರದ ಅಮ್ಮ

ಪಂಚಮಿ ಮುಗೀತು. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದೆವು, ಇನ್ನೂ ಬಿಚ್ಚೋಕೆ ಬಿಡ್ತಿಲ್ಲ. ಹಾಸಿಗೆ ಒದ್ದೆ ಆಗೋದು ವಾರಕ್ಕೆ ಒಂದು ಸಲಕ್ಕೆ ಬಂದಿದೆ. ತೂಕ 15 ಕೆಜಿ 400 ಗ್ರಾಂ, ಮುಂದಿನ ತಿಂಗಳು ಮತ್ತೆ ತೂಗಿಸ್ತೀವಿ. ಪೆನ್ಸಿಲ್ ಇನ್ನೂ ಒಮ್ಮೊಮ್ಮೆ ಮುಷ್ಟಿಯಲ್ಲೇ ಹಿಡೀತಾನೆ. ಡೈರಿಯಲ್ಲಿ ಮತ್ತೆ ಸ್ಲೋ ಅಂತ ಬಂತು, ಈ ಸಲ ನೀಲಿ ಶಾಯಿಯಲ್ಲಿ. ನಾನು ಸಹಿ ಹಾಕಿ ಕಳಿಸಿದೆ. ಟ್ಯೂಷನ್ ಮಾತು ಇವರು ಎತ್ತಿಲ್ಲ.

ಒಂದು ಸಹಾಯ ಬೇಕು. ಡಬ್ಬಿಗೆ ಜೋಳದ ರೊಟ್ಟಿನೇ ಬೇಕು ಅಂತ ಹಟ ಹಿಡಿದಿದ್ದಾನೆ. ಹನ್ನೊಂದು ಗಂಟೆ ಹೊತ್ತಿಗೆ ಒಣಗಿ ಹಪ್ಪಳ ಆಗುತ್ತದೆ. ಏನು ಮಾಡಲಿ?

ರೊಟ್ಟಿ ಶೇಂಗಾ

ಬಿಸಿ ಇರೋವಾಗಲೇ ಬೆಣ್ಣೆ ಸವರಿ, ಶೇಂಗಾ ಚಟ್ನಿ ಉದುರಿಸಿ ಸುರುಳಿ ಮಾಡಿ. ತೆಳ್ಳಗಿನ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ, ಫಾಯಿಲ್ ಬೇಡ. ಖಾರ ಕಡಿಮೆ ಹಾಕಿ, ಪಕ್ಕದ ಹುಡುಗರೂ ಕೇಳ್ತಾರೆ. ಎರಡು ಸುರುಳಿ ಜಾಸ್ತಿ ಇಡಿ.